ಹಳದಿ ಚಿಗುರಿಗೆ ಕನ್ನಡದಲ್ಲಿ ಏನೆನ್ನಬೇಕು?

ಉಮರ್ಗಾ, ನಿಲಂಗಾ, ಉದಗೀರ ಭಾಗದ ಮನೆಗಳಲ್ಲಿ ಲಿಂಬೆಹಣ್ಣಿಲ್ಲದೆ ಯಾವ ಕಾರ್ಯವೂ ಆರಂಭವಾಗುವುದಿಲ್ಲ. ಹೊಸ ಟ್ರ್ಯಾಕ್ಟರಿನ ಗಾಲಿಯಡಿಗೆ ಲಿಂಬೆ ಬೇಕು. ಅಂಗಡಿಯ ಬಾಗಿಲಿಗೆ ಮೆಣಸಿನಕಾಯಿಯ ಜೊತೆಗೆ ಲಿಂಬೆ ಬೇಕು. ಬೇಸಿಗೆಯ ಉಪ್ಪಿನಕಾಯಿಗೂ ಜ್ವರದ ಬಾಯಿಗೂ ಅದೇ ಬೇಕು. ಅದೇ ಹಣ್ಣನ್ನು ಅಡುಗೆಮನೆಯಲ್ಲಿ ‘ಲಿಂಬಿ’ ಎಂದು ಕರೆದವರು ಸಂತೆಯಲ್ಲಿ ‘ಲಿಂಬೂ’ ಎಂದು ಕೂಗಿ ಮಾರುತ್ತಾರೆ. ಹೊಸ್ತಿಲು ದಾಟುವಷ್ಟರಲ್ಲಿ ಭಾಷೆ ಬದಲಾಗುವುದು ಗಡಿನಾಡಿನಲ್ಲಿ ಯಾರಿಗೂ ಸೋಜಿಗವಲ್ಲ. ಆದರೆ ಆ ಗಿಡಕ್ಕೆ ಬರುವ ಅತ್ಯಂತ ಕೆಟ್ಟ ರೋಗಕ್ಕೆ ಈ ಮನೆಗಳ ಎರಡು ಭಾಷೆಗಳಲ್ಲಿ ಒಂದರಲ್ಲಿಯೂ ನೆಲೆನಿಂತ ಹೆಸರಿಲ್ಲ. ಇದು ಕೇವಲ ಕೃಷಿ ಇಲಾಖೆಯ ಚಿಂತೆಯೆಂದು ಕನ್ನಡ ವಿಭಾಗಗಳು ಸುಮ್ಮನಿರುವುದು ಸರಿಯಲ್ಲವೆಂಬುದೇ ಈ ಬರಹದ ವಾದ.

ರೋಗದ ಪರಿಚಯ ಮೊದಲು ಆಗಲಿ. ಇಂಗ್ಲಿಷಿನಲ್ಲಿ ಇದನ್ನು ‘ಸಿಟ್ರಸ್ ಗ್ರೀನಿಂಗ್’ ಎನ್ನುತ್ತಾರೆ. ಕಿತ್ತಳೆ, ಮೋಸಂಬಿ, ಲಿಂಬೆ, ಚಕ್ಕೋತ ಮೊದಲಾದ ನಿಂಬೆ ಕುಲದ ಗಿಡಗಳನ್ನೆಲ್ಲ ಇದು ಹೆಚ್ಚುಕಡಿಮೆ ಬಾಧಿಸುತ್ತದೆ. ಕಿತ್ತಳೆ ಮತ್ತು ಮೋಸಂಬಿಗೆ ಅದರ ಪೆಟ್ಟು ಹೆಚ್ಚು. ಕಾರಣ ಒಂದು ಬ್ಯಾಕ್ಟೀರಿಯ. ಗಿಡದ ಎಲೆಯಲ್ಲಿ ಸಿದ್ಧವಾದ ಆಹಾರವನ್ನು ಬೇರಿಗೂ ಕಾಯಿಗೂ ಸಾಗಿಸುವ ಒಳತೊಗಟೆಯ ನಾಳಗಳಲ್ಲಿ ಅದು ಮನೆಮಾಡುತ್ತದೆ. ನಾಳ ಕಟ್ಟಿಕೊಂಡಂತೆ ಬೇರು ಉಪವಾಸ ಬೀಳುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಈ ಬ್ಯಾಕ್ಟೀರಿಯವನ್ನು ಒಯ್ಯುವುದು ‘ಸಿಲ್ಲಾ’ ಎಂಬ ಪುಟ್ಟ ಕೀಟ. ಬೆಳೆದ ಕೀಟದ ಉದ್ದ ಮೂರು-ನಾಲ್ಕು ಮಿಲಿಮೀಟರು ಮಾತ್ರ. ಎಲೆಯ ಮೇಲೆ ತಲೆ ಕೆಳಗೆ ಮಾಡಿ, ಬೆನ್ನು ಮೇಲಕ್ಕೆತ್ತಿ, ಓರೆಯಾಗಿ ಕುಳಿತುಕೊಳ್ಳುವುದು ಅದರ ಗುರುತು. ಎಳೆಯ ಚಿಗುರಿನಲ್ಲಿ ಮಾತ್ರ ಅದು ಮೊಟ್ಟೆಯಿಡುತ್ತದೆ. ಮರಿಗಳು ಐದು ಹಂತಗಳಲ್ಲಿ ಬೆಳೆಯುತ್ತ ಚಿಗುರಿನ ರಸ ಹೀರುತ್ತವೆ. ಬಿಳಿಯ ಮೇಣದ ಎಳೆಗಳನ್ನು ಹೊರಸೂಸುತ್ತವೆ. ರೋಗವಿರುವ ಗಿಡದಲ್ಲಿ ಬೆಳೆದ ಮರಿ ರೆಕ್ಕೆ ಬಂದು ಹಾರಿದಾಗ ರೋಗವೂ ಅದರೊಡನೆ ಹಾರುತ್ತದೆ.

ಈ ಕೀಟಕ್ಕೆ ಕರಿಬೇವೂ ಇಷ್ಟ. ನಿಂಬೆ, ಕರಿಬೇವು, ಬಿಲ್ವ, ಬೇಲ ಇವೆಲ್ಲ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ಹಿತ್ತಲಿನ ಕರಿಬೇವಿನ ಚಿಗುರಿನಲ್ಲಿ ಬೆಳೆದ ಸಿಲ್ಲಾ ಪಕ್ಕದ ಹೊಲದ ಮೋಸಂಬಿಗೆ ಹೋಗಿ ಕೂರಬಲ್ಲದು. ಅದಕ್ಕೆ ತಾಲೂಕಿನ ಗಡಿಯೂ ಗೊತ್ತಿಲ್ಲ, ರಾಜ್ಯದ ಗಡಿಯೂ ಗೊತ್ತಿಲ್ಲ. ಬಸವಕಲ್ಯಾಣದ ಕಡೆಯ ತೋಟ ಕರ್ನಾಟಕದ್ದು, ಉಮರ್ಗಾದ ತೋಟ ಮಹಾರಾಷ್ಟ್ರದ್ದು ಎಂಬುದು ಕಂದಾಯದ ಕಾಗದಕ್ಕೆ ಸಂಬಂಧಿಸಿದ ಮಾತು. ಉದಗೀರ, ನಿಲಂಗಾಗಳೇ 1956ರವರೆಗೆ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಗೆರೆ ಸರಿದಿದೆ, ಗಾಳಿ, ಕೀಟ ಮತ್ತು ಸಸಿಯ ವ್ಯಾಪಾರ ಸರಿದಿಲ್ಲ.

ಹೆಸರಿನ ಪ್ರಶ್ನೆ ಎಷ್ಟು ಗಂಭೀರವಾದುದೆಂಬುದಕ್ಕೆ ಈ ರೋಗದ ಚರಿತ್ರೆಯೇ ಸಾಕ್ಷಿ. ದಕ್ಷಿಣ ಆಫ್ರಿಕದ ರೈತರು ಹಣ್ಣಿನ ತುದಿ ಮಾಗದೆ ಹಸಿರಾಗಿಯೇ ಉಳಿಯುವುದನ್ನು ಕಂಡು ‘ಗ್ರೀನಿಂಗ್’ ಎಂದರು. ಫಿಲಿಪ್ಪೀನ್ಸಿನಲ್ಲಿ ಎಲೆಯ ಮೇಲಿನ ಮಚ್ಚೆಗಳನ್ನು ಹಿಡಿದು ಹೆಸರಿಟ್ಟರು. ಇಂಡೋನೇಷ್ಯದಲ್ಲಿ ನಾಳಗಳ ಕೊಳೆತವನ್ನು ಹಿಡಿದು ಹೆಸರಿಟ್ಟರು. ತೈವಾನಿನಲ್ಲಿ ಅದು ‘ಲಿಕುಬಿನ್’. ಭಾರತದಲ್ಲಿ ಕೊಂಬೆ ತುದಿಯಿಂದ ಹಿಂದಕ್ಕೆ ಒಣಗುತ್ತ ಬರುವುದನ್ನು ನೋಡಿ ‘ಡೈಬ್ಯಾಕ್’ ಎಂದರು. ಚೀನದ ದಕ್ಷಿಣ ಭಾಗದ ರೈತರು ‘ಹ್ವಾಂಗ್‌ಲಾಂಗ್‌ಬಿಂಗ್’ ಎಂದರು. ಆ ಪ್ರಾಂತದ ಆಡುಮಾತಿನಲ್ಲಿ ಅದರ ಅರ್ಥ ‘ಹಳದಿ ಚಿಗುರಿನ ರೋಗ’. ಬೇರೆ ಬೇರೆ ಹೆಸರುಗಳಿದ್ದ ಕಾರಣ ಬೇರೆ ಬೇರೆ ರೋಗಗಳೆಂದೇ ದಶಕಗಳ ಕಾಲ ತಿಳಿಯಲಾಗಿತ್ತು. ಮಣ್ಣಿನ ಕೊರತೆ, ನೀರಿನ ಹೆಚ್ಚಳ, ಸತುವಿನ ಅಭಾವ ಎಂದು ಒಂದೊಂದು ನಾಡು ಒಂದೊಂದು ಕಾರಣ ಹೇಳುತ್ತಿತ್ತು. 1956ರಲ್ಲಿ ಚೀನದ ವಿಜ್ಞಾನಿ ಲಿನ್ ಕುಂಗ್ ಹ್ಸಿಯಾಂಗ್ ಇದು ಕಸಿಯ ಮೂಲಕ ಹರಡುವ ರೋಗವೆಂದು ತೋರಿಸಿದರು. 1965ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅಲ್ಲಿಯ ವಾಹಕ ಕೀಟ ಪತ್ತೆಯಾಯಿತು. 1967ರಲ್ಲಿ ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ಕಪೂರ್, ರಾವ್ ಮತ್ತು ವಿಶ್ವನಾಥ್ ಎಂಬ ಮೂವರು ಸಂಶೋಧಕರು ಭಾರತದಲ್ಲಿ ಇದನ್ನು ಹರಡುವುದು ಏಷ್ಯದ ಸಿಲ್ಲಾ ಕೀಟವೆಂದು ಪ್ರಕಟಿಸಿದರು. ಕೊನೆಗೆ 1995ರಲ್ಲಿ ಚೀನದ ಫುಝೌ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮಾವೇಶವು ‘ಹ್ವಾಂಗ್‌ಲಾಂಗ್‌ಬಿಂಗ್’ ಎಂಬುದನ್ನೇ ಅಧಿಕೃತ ಹೆಸರಾಗಿ ಒಪ್ಪಿಕೊಂಡಿತು.

ಭಾಷೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಜಗತ್ತಿನ ವಿಜ್ಞಾನಿಗಳು ಇಂಗ್ಲಿಷಿನ ಹೆಸರನ್ನು ಬದಿಗಿರಿಸಿ, ಚೀನದ ಒಂದು ಪ್ರಾಂತದ ಆಡುಮಾತಿನ ಹೆಸರನ್ನು ಎತ್ತಿಹಿಡಿದರು. ಆ ರೈತರು ರೋಗದ ಮೊದಲ ಸುಳಿವನ್ನು ಸರಿಯಾದ ಜಾಗದಲ್ಲಿ ಕಂಡಿದ್ದರು. ಹಸಿರು ಗಿಡದಲ್ಲಿ ಒಂದೇ ಒಂದು ಟೊಂಗೆಯ ಚಿಗುರು ಹಳದಿಯಾಗಿ ಎದ್ದು ಕಾಣುವುದೇ ಈ ರೋಗದ ಆರಂಭ. ‘ಗ್ರೀನಿಂಗ್’ ಎಂಬ ಹೆಸರು ಹಣ್ಣು ಕೆಟ್ಟ ಮೇಲಿನ ಸ್ಥಿತಿಯನ್ನು ಹೇಳುತ್ತದೆ. ‘ಹಳದಿ ಚಿಗುರು’ ಎಂಬ ಹೆಸರು ರೋಗ ಹೊಕ್ಕ ಹೊತ್ತಿನ ಗುರುತನ್ನು ಹೇಳುತ್ತದೆ. ಒಂದು ಹೆಸರು ತಡವಾಗಿ ಎಚ್ಚರಿಸುತ್ತದೆ, ಇನ್ನೊಂದು ಮೊದಲೇ ಎಚ್ಚರಿಸುತ್ತದೆ.

ಕನ್ನಡದಲ್ಲಿ ಇದನ್ನು ‘ಹಸಿರು ರೋಗ’ ಎಂದು ಅನುವಾದಿಸಿದರೆ ಆಗುವ ಅನಾಹುತವನ್ನು ಊಹಿಸಬಹುದು. ಕನ್ನಡಿಗನ ಕಿವಿಗೆ ಹಸಿರೆಂದರೆ ಸಮೃದ್ಧಿ, ಹಸಿರೆಂದರೆ ಬಾಳು. ‘ನಿಮ್ಮ ಗಿಡಕ್ಕೆ ಹಸಿರು ರೋಗ ಬಂದಿದೆ’ ಎಂದರೆ, ಎಲೆ ಹಳದಿಯಾದುದನ್ನು ಕಣ್ಣಾರೆ ಕಾಣುತ್ತಿರುವ ರೈತ ನಗುತ್ತಾನೆ, ಇಲ್ಲವೆ ಹೇಳಿದವನ ಬುದ್ಧಿಯನ್ನು ಶಂಕಿಸುತ್ತಾನೆ. ‘ಗ್ರೀನಿಂಗ್ ರೋಗ’ ಎಂದು ಹಾಗೆಯೇ ಬಿಟ್ಟರೆ ಆ ಶಬ್ದ ಯಾವುದನ್ನೂ ತೋರಿಸುವುದಿಲ್ಲ. ಅದು ಔಷಧದ ಅಂಗಡಿಯವನ ಬಾಯಲ್ಲಿ ಹುಟ್ಟಿ ಅಲ್ಲಿಯೇ ಸಾಯುತ್ತದೆ. ಕೀಟದ ಹೆಸರಿನ ಪಾಡೂ ಅಷ್ಟೇ. ಕನ್ನಡದ ಕರಪತ್ರ ‘ಸಿಲ್ಲಾ’ ಎಂದರೆ ಮರಾಠಿಯ ಕರಪತ್ರ ‘ಸಾಯಲಾ’ ಎನ್ನುತ್ತದೆ. ಎರಡನ್ನೂ ಓದಬಲ್ಲ ಗಡಿಯ ರೈತ ಅವು ಎರಡು ಹುಳಗಳೆಂದು ತಿಳಿದು ಎರಡು ಔಷಧ ಕೊಂಡರೆ ತಪ್ಪು ಅವನದಲ್ಲ.

ಹಳದಿ ಎಲೆಗೆ ಈ ಭಾಗದಲ್ಲಿ ಕಾರಣಗಳು ಬಹಳ. ಮರಾಠವಾಡದ ಬರ ಯಾರಿಗೆ ಗೊತ್ತಿಲ್ಲ? 2012-13ರಲ್ಲಿ ಜಾಲನಾ ಕಡೆಯ ಮೋಸಂಬಿ ತೋಟಗಳು ನೀರಿಲ್ಲದೆ ಒಣಗಿದವು. 2016ರ ಬೇಸಿಗೆಯಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ನಾಡಿನಲ್ಲಿ ಎಲೆ ಹಳದಿಯಾದರೆ ಮೊದಲ ಅನುಮಾನ ನೀರಿನ ಮೇಲೆ ಹೋಗುವುದು ಸಹಜ. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಸತು, ಕಬ್ಬಿಣಗಳ ಕೊರತೆಯೂ ಎಲೆಯನ್ನು ಹಳದಿ ಮಾಡುತ್ತದೆ. ಕಾಂಡದಿಂದ ಅಂಟು ಸೋರುವ ರೋಗಕ್ಕೆ ಮರಾಠಿಯಲ್ಲಿ ‘ಡಿಂಕ್ಯಾ’ ಎಂಬ ಸೊಗಸಾದ ಹೆಸರಿದೆ. ಅಂಟು ಕಂಡರೆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಕಪ್ಪು ಮಸಿ ಹಿಡಿದ ಎಲೆಗೆ ವಿದರ್ಭದ ರೈತರು ‘ಕೋಳಶಿ’ ಎನ್ನುತ್ತಾರೆ. ಈ ಎರಡೂ ರೋಗಗಳಿಗೆ ರೈತ ಬೇಗ ಎಚ್ಚರಗೊಳ್ಳಲು ಈ ಹೆಸರುಗಳೂ ಒಂದು ಕಾರಣ. ಹಳದಿ ಚಿಗುರಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಆದರೆ ಗುರುತು ಇಲ್ಲವೆಂದಲ್ಲ. ಸತುವಿನ ಕೊರತೆಯಿಂದ ಎಲೆ ಹಳದಿಯಾದರೆ ನಡುನರದ ಎಡಕ್ಕೂ ಬಲಕ್ಕೂ ಒಂದೇ ರೀತಿಯ ವಿನ್ಯಾಸವಿರುತ್ತದೆ, ಕನ್ನಡಿ ಹಿಡಿದಂತೆ. ಹಳದಿ ಚಿಗುರಿನ ರೋಗದಲ್ಲಿ ಆ ಸಮತೋಲನ ತಪ್ಪುತ್ತದೆ. ಎಡಭಾಗದಲ್ಲಿ ಹಳದಿ ಮಚ್ಚೆಯಿದ್ದ ಜಾಗಕ್ಕೆ ಸರಿಯಾಗಿ ಬಲಭಾಗದಲ್ಲಿ ಹಸಿರಿರುತ್ತದೆ. ಎಲೆಯ ಎರಡೂ ಪಕ್ಕಗಳಲ್ಲಿ ಪೆನ್ನಿನಿಂದ ಎದುರುಬದುರು ವೃತ್ತಗಳನ್ನು ಬರೆದು ಹೋಲಿಸಿ ನೋಡಿದರೆ ಭೇದ ತಿಳಿಯುತ್ತದೆ. ಕಾಯಿಗಳು ಸಣ್ಣದಾಗಿ, ಒಂದು ಪಕ್ಕಕ್ಕೆ ಸೊಟ್ಟಗಾಗುತ್ತವೆ, ಒಳಗಿನ ಬೀಜಗಳು ಜೊಳ್ಳಾಗುತ್ತವೆ, ರಸ ಕಹಿಯಾಗುತ್ತದೆ, ತೊಟ್ಟಿನ ಕಡೆ ಬಣ್ಣ ಬಂದು ಕೆಳತುದಿ ಹಸಿರಾಗಿಯೇ ಉಳಿಯುತ್ತದೆ. ಇವೆಲ್ಲ ಕೂಡಿದರೂ ನಿರ್ಣಯ ಹೇಳಬೇಕಾದುದು ಪ್ರಯೋಗಾಲಯ. ಆದರೆ ಪ್ರಯೋಗಾಲಯಕ್ಕೆ ಎಲೆ ಕಳುಹಿಸಬೇಕೆಂಬ ಅನುಮಾನ ಹುಟ್ಟಬೇಕಾದುದು ಹೊಲದಲ್ಲಿ, ಹೊಲದ ಭಾಷೆಯಲ್ಲಿ.

ಗಡಿಯ ಯಾವುದೇ ಹಳ್ಳಿಯಲ್ಲಿ ನಡೆಯಬಹುದಾದ ಒಂದು ಮಾತುಕತೆಯನ್ನು ಊಹಿಸಿಕೊಳ್ಳಬಹುದು. ಕಾಲೇಜಿನಿಂದ ಬಂದ ಮೊಮ್ಮಗಳು ಕೇಳುತ್ತಾಳೆ: ‘ಯಾಕ ಮುತ್ಯಾ, ಈ ಒಂದ ಟೊಂಗಿ ಹಿಂಗ ಹಳದಿ ಆಗ್ಯದ?’ ಮುತ್ಯಾ ಹೇಳುತ್ತಾನೆ: ‘ಯಾನ ಹೇಳಲವ್ವಾ, ನೀರ ಬಿಟ್ಟೀನಿ, ಗೊಬ್ಬರ ಹಾಕೀನಿ. ಅರ್ಧಾ ಎಲಿ ಹಸರ, ಅರ್ಧಾ ಎಲಿ ಹಳದಿ. ಕಾಯಿನೂ ಸೊಟ್ಟ ಆಗ್ಲತಾವ, ಬಾಯಾಗ ಹಾಕಿದ್ರ ಕಹಿ.’ ವಿಜ್ಞಾನಿ ತನ್ನ ಪ್ರಬಂಧದಲ್ಲಿ ಬರೆಯುವ ಮುಖ್ಯ ಲಕ್ಷಣಗಳಲ್ಲಿ ಹೆಚ್ಚಿನವನ್ನು ಆ ಮುದುಕ ಮೂರು ಸಾಲುಗಳಲ್ಲಿ ಹೇಳಿ ಮುಗಿಸಿದ್ದಾನೆ. ಆದರೆ ಅವನು ಅರ್ಜಿ ಬರೆಯಲು ಹೋದರೆ, ಮರಾಠಿಯ ನಮೂನೆಯಲ್ಲಿ ‘ರೋಗಾಚೆ ನಾವ’ ಎಂಬ ಕಲಮಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಡುತ್ತಾನೆ. ಮೊಮ್ಮಗಳಿಗೆ ಮುತ್ಯಾನ ಕನ್ನಡವೂ ಗೊತ್ತು, ನಮೂನೆಯ ಮರಾಠಿಯೂ ಗೊತ್ತು. ಆ ಖಾಲಿ ಜಾಗವನ್ನು ತುಂಬಬಲ್ಲವರು ಯಾರಾದರೂ ಇದ್ದರೆ ಅದು ಅವಳೇ. ಅವಳ ಪಠ್ಯಕ್ರಮ ಅದನ್ನು ಅವಳ ಕೆಲಸವೆಂದು ಇನ್ನೂ ಹೇಳಿಲ್ಲ.

ಇಲ್ಲಿ ಆಕ್ಷೇಪಗಳಿವೆ, ಅವುಗಳನ್ನು ಮರೆಮಾಚುವುದು ನ್ಯಾಯವಲ್ಲ. ಮೊದಲನೆಯದು: ಸಾಹಿತ್ಯದ ವಿದ್ಯಾರ್ಥಿಗೆ ತೋಟದ ರೋಗದ ಗೊಡವೆ ಏಕೆ? ಪಂಪ, ಬಸವಣ್ಣ, ಕುಮಾರವ್ಯಾಸರನ್ನು ಓದಲೇ ಸಮಯ ಸಾಲದಿರುವಾಗ ಸಿಲ್ಲಾ ಕೀಟವನ್ನೂ ತಲೆಗೆ ಕಟ್ಟಬೇಕೆ? ಈ ಆಕ್ಷೇಪಕ್ಕೆ ಉತ್ತರ ಇದೇ ನೆಲದಲ್ಲಿದೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥ ಬರೆದನು. ಅದರಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಗಿಡಮರಗಳ ಪಾಲನೆ, ಅವುಗಳ ರೋಗ, ಅವಕ್ಕೆ ಚಿಕಿತ್ಸೆ ಅಲ್ಲಿಯ ವಿಷಯ. ಅದೇ ಚಾಲುಕ್ಯ ರಾಜಮನೆತನದ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ ಬರೆದನು. ಸಾಹಿತ್ಯ ಚರಿತ್ರೆಯ ಪ್ರಶ್ನೆಪತ್ರಿಕೆಯಲ್ಲಿ ಈ ಎರಡು ಹೆಸರುಗಳು ಟಿಪ್ಪಣಿಗೆ ಬಂದು ಹೋಗುತ್ತವೆ. ಆದರೆ ಅವುಗಳ ಅರ್ಥ ಟಿಪ್ಪಣಿಗಿಂತ ದೊಡ್ಡದು: ಸಾವಿರ ವರ್ಷಗಳ ಹಿಂದೆ ಈ ಪ್ರದೇಶದ ಕನ್ನಡವು ಕಾವ್ಯವನ್ನು ಹೇಳುತ್ತಿದ್ದ ಬಾಯಿಂದಲೇ ಗಿಡದ ಬೇನೆಯನ್ನೂ ಹೇಳುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಶಿವರಾಮ ಕಾರಂತರು ವಿಜ್ಞಾನವನ್ನು ಕನ್ನಡದಲ್ಲಿ ಬರೆದರು, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಕೀಟಗಳನ್ನೂ ಹಕ್ಕಿಗಳನ್ನೂ ಕನ್ನಡ ಗದ್ಯದೊಳಗೆ ತಂದರು. ಆದ್ದರಿಂದ ಈ ಕೆಲಸ ಸಾಹಿತ್ಯ ವಿಭಾಗಕ್ಕೆ ಹೊರಗಿನದಲ್ಲ, ಕೈಬಿಟ್ಟುಹೋದ ಒಳಗಿನ ಕೆಲಸ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಈ ಭಾಗದ ರೈತರೆಲ್ಲ ಮರಾಠಿ ಬಲ್ಲವರು. ಪರಭಣಿಯ ಕೃಷಿ ವಿಶ್ವವಿದ್ಯಾಲಯದ ಮಾಹಿತಿ ಮರಾಠಿಯಲ್ಲಿ ಬರುತ್ತದೆ. ನಾಗಪುರದ ಕೇಂದ್ರೀಯ ನಿಂಬೆವರ್ಗದ ಸಂಶೋಧನಾ ಸಂಸ್ಥೆಯೂ ಇದೇ ರಾಜ್ಯದಲ್ಲಿದೆ. ಹಾಗಿರುವಾಗ ಕನ್ನಡದ ಹೆಸರೇ ಏಕೆ ಬೇಕು? ಇದು ಹಟದ ಮಾತಾಗುವುದಿಲ್ಲವೆ? ಹಟದ ಮಾತಾದರೆ ಅದನ್ನು ಬಿಡುವುದೇ ಒಳ್ಳೆಯದು. ಮರಾಠಿಯ ವಿರುದ್ಧ ಕನ್ನಡವನ್ನು ನಿಲ್ಲಿಸುವುದರಿಂದ ಒಂದು ಎಲೆಯೂ ಹಸಿರಾಗುವುದಿಲ್ಲ. ಆದರೆ ಓದುವ ಭಾಷೆ ಬೇರೆ, ನೋಡುವ ಭಾಷೆ ಬೇರೆ. ಕಳೆ ಕೀಳುವಾಗ, ಕಾಯಿ ಆಯುವಾಗ ಚಿಗುರನ್ನು ಹತ್ತಿರದಿಂದ ಕಾಣುವವರು ಹೆಚ್ಚಾಗಿ ಹೆಣ್ಣುಮಕ್ಕಳು ಮತ್ತು ಮುದುಕರು. ಕನ್ನಡದ ಮನೆಗಳಲ್ಲಿ ಅವರು ಕಂಡದ್ದನ್ನು ಪರಸ್ಪರ ಹೇಳಿಕೊಳ್ಳುವುದು ಕನ್ನಡದಲ್ಲಿ. ಕರಪತ್ರ ಓದುವವನು ಮನೆಯ ಓದಿದ ಮಗ. ಅವನು ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಇರುತ್ತಾನೆ. ಕಂಡವರ ಮಾತು ಕಾಗದಕ್ಕೆ ಏರಬೇಕು, ಕಾಗದದ ಮಾತು ಕಂಡವರ ಕಿವಿಗೆ ಇಳಿಯಬೇಕು. ಈ ಏರಿಳಿತಕ್ಕೆ ಎರಡೂ ಭಾಷೆ ಬೇಕು. ಮರಾಠಿ ಶಾಲೆಯಲ್ಲಿ ಓದಿ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಇದಕ್ಕಿಂತ ಸಹಜವಾದ ಕೆಲಸ ಬೇರೊಂದಿಲ್ಲ.

ತೋಟದ ಪರಿಭಾಷೆಯಲ್ಲಿ ಎರಡು ಭಾಷೆಗಳು ಈಗಾಗಲೇ ಕಸಿಗೊಂಡಿವೆ. ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂಬ ಹೂವಿನ ಹಂಗಾಮುಗಳ ಹೆಸರನ್ನು ಕನ್ನಡ ರೈತನೂ ಹಾಗೆಯೇ ಬಳಸುತ್ತಾನೆ. ಅವುಗಳೊಳಗೆ ಫಾರ್ಸಿಯ ವಸಂತವೂ ಇದೆ, ಪಂಚಾಂಗದ ನಕ್ಷತ್ರವೂ ಇದೆ. ಮೋಸಂಬಿ ಎಂಬ ಹೆಸರು ಆಫ್ರಿಕದ ಮೊಜಾಂಬಿಕಿನಿಂದ ಬಂದುದು. ಇಂಗ್ಲಿಷಿನ ‘ಆರೆಂಜ್’ ಸಂಸ್ಕೃತದ ‘ನಾರಂಗ’ದಿಂದ ಫಾರ್ಸಿ, ಅರಬ್ಬಿಗಳ ಹಾದಿ ಹಿಡಿದು ಹೋದುದು, ಆ ‘ನಾರಂಗ’ದ ಬೇರು ದ್ರಾವಿಡವೆಂದು ಅನೇಕ ಭಾಷಾಶಾಸ್ತ್ರಜ್ಞರ ಮತ. ಬೇರುಸಸಿಯ ತೊಗಟೆಯೊಳಗೆ ಒಳ್ಳೆಯ ತಳಿಯ ಮೊಗ್ಗು ಕೂರಿಸುವುದಕ್ಕೆ ಕನ್ನಡದಲ್ಲಿ ‘ಕಣ್ಣು ಕಸಿ’ ಎಂದರೆ ಮರಾಠಿಯಲ್ಲಿಯೂ ‘ಡೋಳಾ’ ಎಂದೇ ಹೇಳುತ್ತಾರೆ. ಎರಡೂ ಭಾಷೆಗಳು ಮೊಗ್ಗಿನಲ್ಲಿ ಕಣ್ಣನ್ನೇ ಕಂಡಿವೆ. ‘ಕಲಮು’ ಎಂಬ ಶಬ್ದವಂತೂ ಲೇಖನಿಗೂ ಕಸಿಗಿಡಕ್ಕೂ ಅರ್ಜಿಯ ಅಂಕಣಕ್ಕೂ ಒಂದೇ. ಈ ಬ್ಯಾಕ್ಟೀರಿಯದ ಶಾಸ್ತ್ರೀಯ ಹೆಸರಿನ ಮೊದಲ ಭಾಗವಾದ ‘ಲಿಬೆರ್’ ಎಂಬ ಲ್ಯಾಟಿನ್ ಶಬ್ದಕ್ಕೆ ಒಳತೊಗಟೆಯೆಂದೂ ಪುಸ್ತಕವೆಂದೂ ಎರಡರ್ಥಗಳಿವೆ. ಕನ್ನಡದ ‘ಓಲೆ’ ಗರಿಯೂ ಹೌದು, ಪತ್ರವೂ ಹೌದು. ಬರಹಕ್ಕೂ ಗಿಡಕ್ಕೂ ಇರುವ ನಂಟು ಯಾರೋ ಕಲ್ಪಿಸಿದ ಅಲಂಕಾರವಲ್ಲ. ಭಾಷೆಗಳು ಅದನ್ನು ಮೊದಲೇ ಒಪ್ಪಿಕೊಂಡಿವೆ.

ಕಲಮಿನ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ರೋಗ ಕೀಟದಿಂದ ಹರಡುವಂತೆಯೇ ಕಸಿಯಿಂದಲೂ ಹರಡುತ್ತದೆ. ರೋಗದ ಮರದಿಂದ ತೆಗೆದ ಒಂದು ಕಣ್ಣು ನೂರು ಮೈಲಿ ದೂರದ ಹೊಲಕ್ಕೆ ರೋಗವನ್ನು ಒಯ್ಯುತ್ತದೆ. ಸೋಂಕು ತಗುಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುವವರೆಗೆ ಗಿಡ ಆರೋಗ್ಯವಾಗಿಯೇ ಕಾಣುತ್ತದೆ. ಸಂತೆಯ ದಿನ ಟೆಂಪೋದಲ್ಲಿ ಬರುವ ಅಗ್ಗದ ಸಸಿಯನ್ನು ನೋಡಿ ಅದು ಎಲ್ಲಿಯ ಮರದ ಕಣ್ಣೆಂದು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಸಸಿಯ ಬೆಲೆಯಲ್ಲಿ ಉಳಿಸಿದ ಹತ್ತಿಪ್ಪತ್ತು ರೂಪಾಯಿಗೆ ಐದಾರು ವರ್ಷ ಸಾಕಿದ ತೋಟವನ್ನೇ ತೆರಬೇಕಾದೀತು. ಈ ರೋಗಕ್ಕೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ಪ್ರಮಾಣಿತ ನರ್ಸರಿಯ ಶುದ್ಧ ಸಸಿ ನೆಡುವುದು, ಚಿಗುರೊಡೆಯುವ ಕಾಲದಲ್ಲಿ ಸಿಲ್ಲಾ ಕೀಟವನ್ನು ಹತೋಟಿಯಲ್ಲಿಡುವುದು, ರೋಗ ಖಚಿತವಾದ ಮರವನ್ನು ಕಡಿಯುವುದು – ಈ ಮೂರೇ ದಾರಿಗಳು. ಮೂರನ್ನೂ ಒಬ್ಬನೇ ಮಾಡಿದರೆ ಫಲವಿಲ್ಲ. ಸುತ್ತಲಿನ ತೋಟದವರೆಲ್ಲ ಕೂಡಿ ಮಾಡಬೇಕು. ಕಾಯಿ ಬಿಡುತ್ತಿರುವ ಮರವನ್ನು ಕಡಿಯೆಂದು ನೆರೆಯವನಿಗೆ ಹೇಳುವುದು ಎಷ್ಟು ಕಷ್ಟವೆಂದು ಹಳ್ಳಿಯಲ್ಲಿ ಬದುಕಿದವರಿಗೆ ಗೊತ್ತು. ಆ ಮಾತನ್ನು ಆಡಲು ಅಧಿಕಾರ ಸಾಲದು, ನಂಬಿಕೆಯ ಭಾಷೆ ಬೇಕು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲಿಯೇ ಉದಾಹರಣೆಯಿದೆ. ಕಾಫಿಯ ನೆರಳಿನಲ್ಲಿ ಬೆಳೆದು ಮನೆಮಾತಾಗಿದ್ದ ಕೊಡಗಿನ ಕಿತ್ತಳೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಕ್ಷೀಣಿಸುತ್ತ ಬಂದಿತು. ಅದಕ್ಕೆ ಕಾರಣ ಒಂದಲ್ಲ: ಹಳದಿ ಚಿಗುರಿನ ರೋಗ, ಹೇನಿನಿಂದ ಹರಡುವ ಟ್ರಿಸ್ಟೀಜಾ ಎಂಬ ವೈರಸ್ ರೋಗ, ಬೇರು ಕೊಳೆ, ಪೋಷಕಾಂಶಗಳ ಕೊರತೆ ಎಲ್ಲವೂ ಕೂಡಿದವು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವು ಆ ತಳಿಯನ್ನು ಉಳಿಸಲು ಶ್ರಮಿಸುತ್ತ ಬಂದಿದೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಆದರೆ ಹೆಸರಿಗೆ ಮನ್ನಣೆ ಬರುವ ಹೊತ್ತಿಗೆ ಹಣ್ಣೇ ಅಪರೂಪವಾಗಿತ್ತೆಂಬುದು ಮರೆಯಬಾರದ ಪಾಠ. ದೂರದ ಅಮೆರಿಕದ ಫ್ಲಾರಿಡಾದಲ್ಲಿ 2003-04ರ ಹಂಗಾಮಿನಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2005ರಲ್ಲಿ ಅಲ್ಲಿ ಈ ರೋಗ ಕಂಡಿತು. 2022-23ರಲ್ಲಿ ಬೆಳೆ 2 ಕೋಟಿ ಪೆಟ್ಟಿಗೆಗಿಂತ ಕೆಳಗಿಳಿಯಿತು. ಚಂಡಮಾರುತಗಳ ಪಾಲೂ ಅದರಲ್ಲಿದೆ. ಆದರೆ ಮರಗಳನ್ನು ಒಳಗಿನಿಂದ ಸೋಲಿಸಿದುದು ಮುಖ್ಯವಾಗಿ ಈ ಬ್ಯಾಕ್ಟೀರಿಯವೇ. ಹಣ, ಯಂತ್ರ, ಪ್ರಯೋಗಾಲಯ ಎಲ್ಲ ಇದ್ದ ನಾಡಿನ ಸ್ಥಿತಿ ಇದು. ಮಹಾರಾಷ್ಟ್ರ, ಕರ್ನಾಟಕಗಳೆರಡರ ತೋಟಗಳಲ್ಲಿಯೂ ಈ ರೋಗ ದಾಖಲಾಗಿರುವಾಗ ನಡುವಣ ಗಡಿಯ ತಾಲೂಕುಗಳು ನಿಶ್ಚಿಂತೆಯಿಂದ ಇರುವಂತಿಲ್ಲ.

ಉಮರ್ಗಾ, ನಿಲಂಗಾ ಭಾಗದ ಜನ ಅನಾಹುತವನ್ನು ಕಾಣದವರಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ ಕ್ಷಣಗಳಲ್ಲಿ ಊರುಗಳನ್ನು ನೆಲಸಮ ಮಾಡಿದಾಗ ದೇಶವೆಲ್ಲ ಓಡಿಬಂದಿತು. ಕ್ಷಣದಲ್ಲಿ ಬೀಳುವುದಕ್ಕೆ ನೆರವು ಬರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಸಾಯುವುದಕ್ಕೆ ಯಾರೂ ಬರುವುದಿಲ್ಲ. ಒಂದು ತೋಟದ ಸಾವು ಅಂಥದು. ಒಂದು ಭಾಷೆಯ ಹಿಂಜರಿತವೂ ಅಂಥದೇ. ಗಡಿಯಲ್ಲಿ ಕನ್ನಡ ಸಾಯುವುದು ಯಾರೋ ನಿಷೇಧಿಸಿದ್ದರಿಂದಲ್ಲ. ಹೊಲದ ಮಾತು, ಅಂಗಡಿಯ ಮಾತು, ಅರ್ಜಿಯ ಮಾತು ಒಂದೊಂದಾಗಿ ಅದರ ಕೈಬಿಟ್ಟು, ಕೊನೆಗೆ ಹಾಡಿಗೂ ಪೂಜೆಗೂ ಮಾತ್ರ ಉಳಿಯುವುದರಿಂದ. ಮೇಲಿನ ಎಲೆಗಳು ಹಸಿರಾಗಿರುವಾಗಲೇ ಬೇರು ಉಪವಾಸ ಬಿದ್ದಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಭಾರಿ ಯೋಜನೆ ಬೇಡ. ಪ್ರತಿವರ್ಷ ವಿದ್ಯಾರ್ಥಿಗಳು ಬರೆಯಲೇಬೇಕಾದ ಕಿರುಪ್ರಬಂಧದಲ್ಲಿ ತೋಟದ ಪದಸಂಗ್ರಹಕ್ಕೂ ಒಂದು ಸ್ಥಾನವಿರಲಿ. ಒಬ್ಬೊಬ್ಬ ವಿದ್ಯಾರ್ಥಿ ತನ್ನ ಊರಿನ ನಾಲ್ಕು ಮನೆಗಳಿಗೆ ಹೋಗಿ, ಚಿಗುರು, ಎಲೆ, ಕಾಯಿ, ತೊಗಟೆ, ಹುಳ, ಬೇನೆಗಳ ನಲವತ್ತು ಮಾತುಗಳನ್ನು ಹೇಳಿದವರ ಬಾಯಿಂದ ಹಾಗೆಯೇ ಬರೆದುಕೊಳ್ಳಲಿ. ಪಕ್ಕದಲ್ಲಿ ಮರಾಠಿಯ ಮಾತನ್ನೂ ಶಾಸ್ತ್ರದ ಮಾತನ್ನೂ ಬರೆಯಲಿ. ಊರಿನ ಹೆಸರು, ಹೇಳಿದವರ ವಯಸ್ಸು ದಾಖಲಾಗಲಿ. ಆ ಪಟ್ಟಿಯನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸಿ ತಿದ್ದಿಸಿಕೊಳ್ಳಲಿ. ಅದರಿಂದ ಎರಡು ಭಾಷೆಗಳ ಒಂದು ಪುಟದ ಗೋಡೆಪತ್ರ ಸಿದ್ಧವಾದರೆ ಗ್ರಾಮ ಪಂಚಾಯತಿಯ ಗೋಡೆಗೂ ಸಂತೆಯ ಚಹಾದ ಅಂಗಡಿಗೂ ಅದನ್ನು ಅಂಟಿಸಬಹುದು.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ವಿದ್ಯಾರ್ಥಿ ವೈದ್ಯನಾಗಬಾರದು. ‘ಈ ಗಿಡಕ್ಕೆ ಇಂಥದೇ ರೋಗ, ಕಡಿದುಬಿಡಿ’ ಎಂದು ಹೇಳುವ ಅಧಿಕಾರ ಪದಸಂಗ್ರಹಕಾರನಿಗಿಲ್ಲ. ‘ಎಲೆಯನ್ನು ಪರೀಕ್ಷೆಗೆ ಕಳುಹಿಸಿ’ ಎಂದಷ್ಟೇ ಅವನು ಹೇಳಬಹುದು. ಎರಡನೆಯದು, ವಿಭಾಗದ ಕೋಣೆಯಲ್ಲಿ ಕುಳಿತು ಸಂಸ್ಕೃತದ ಎರಡು ಶಬ್ದ ಜೋಡಿಸಿ ಹೆಸರು ಟಂಕಿಸುವ ಆತುರ ಬೇಡ. ‘ಹಳದಿ ಚಿಗುರು’ ಎಂಬುದೂ ಇಲ್ಲಿ ಕೇವಲ ಸೂಚನೆ. ಯಾವುದೋ ಊರಿನ ಅಜ್ಜಿ ಇದಕ್ಕೆ ಆಗಲೇ ಇನ್ನೂ ಚುರುಕಾದ ಹೆಸರಿಟ್ಟಿರಬಹುದು. ಚೀನದ ರೈತರ ಮಾತು ಲೋಕದ ಹೆಸರಾದುದು ಅವರ ಮಾತನ್ನು ಕೇಳಿಸಿಕೊಂಡು ಬರೆದಿಟ್ಟವರಿದ್ದರೆಂಬ ಕಾರಣದಿಂದ. ಗಡಿನಾಡಿನ ಅಜ್ಜಿಯ ಮಾತಿಗೂ ಅಂಥ ಒಬ್ಬ ಕೇಳುಗ ಬೇಕು.

ಮುಂದಿನ ಬಹಾರ ಬರುವಾಗ ಗಿಡಗಳೆಲ್ಲ ಮತ್ತೆ ಚಿಗುರುತ್ತವೆ. ಸಿಲ್ಲಾ ಕೀಟವೂ ಚಿಗುರನ್ನೇ ಕಾಯುತ್ತಿರುತ್ತದೆ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳ ಚೀಲದಲ್ಲಿ ಆ ಹೊತ್ತಿಗೆ ಒಂದು ವಹಿ, ಒಂದು ಕಲಮು ಇದ್ದರೆ ಸಾಕು. ಮುತ್ಯಾ ಬಿಟ್ಟುಬಂದ ಖಾಲಿ ಅಂಕಣವನ್ನು ಅಲ್ಲಿಂದ ತುಂಬಲು ಆರಂಭಿಸಬಹುದು.